ಮೈನಸ್ ಹದಿನೆಂಟರ ಅತ್ತಿಗೆ

ನಮ್ಮ ಊರಿನ ಹವೆಯನ್ನು ಬೈಯುವವರು ಊರಿಗೆಲ್ಲ ನಮ್ಮ ಅತ್ತಿಗೆ ಒಬ್ಬರೇ. ಬೇಸಿಗೆಯಲ್ಲಿ ಬೇಯುವುದಿಲ್ಲ, ಚಳಿಗಾಲದಲ್ಲಿ ನಡುಗುವುದಿಲ್ಲ, ಇಂಥ ಕಡೆ ಇರೋದಕ್ಕೆ ಪುಣ್ಯ ಮಾಡಿರಬೇಕು ಎಂದು ಮನೆಗೆ ಬಂದವರು ಹೇಳಿದರೆ ಸಾಕು, ಮುಖ ಸಿಂಡರಿಸುತ್ತಾರೆ.

"ಉಗುರುಬೆಚ್ಚಗಿನ ನೀರು ಯಾತಕ್ಕೆ ಬರುತ್ತೆ ಹೇಳಿ? ಕುಡಿದ್ರೆ ದಾಹ ಹೋಗಲ್ಲ, ಮೈಮೇಲೆ ಹಾಕ್ಕೊಂಡ್ರೆ ಚಳಿ ಬಿಡಲ್ಲ. ಗಂಟಲು ಕೆಟ್ಟಾಗ ಬಾಯಿ ಮುಕ್ಕಳಿಸೋಕೆ ಅಷ್ಟೇ ಸರಿ. ಈ ಊರೂ ಹಾಗೇನೇ."

ಅವರಿಗೆ ಬೇಕಾದದ್ದು ಹಿಮ. ಬಾಯಿ ತೆರೆದರೆ ಹೊಗೆ ಬರಬೇಕು, ನಲ್ಲಿಯಲ್ಲಿ ನೀರು ಗಟ್ಟಿಯಾಗಬೇಕು, ಕಿಟಕಿಯಾಚೆ ಬಿಳುಪು ಬಿಟ್ಟು ಬೇರೇನೂ ಕಾಣಬಾರದು. ಕಟ್ಟಿಕೊಂಡಿದ್ದು ಮಾತ್ರ ನಮ್ಮಣ್ಣನನ್ನು. ಅಣ್ಣ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಹತ್ತು ಗಂಟೆ ಬೆಂಕಿಯ ಮುಂದೆ ನಿಂತು ಬಂದರೂ ಮನೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಾನೆ. ಕಾಲಿಟ್ಟರೆ ಮರಳು ಸುಡುವಂಥ ಕಡೆ ಹೋಗಿ ನೆಲೆಸಬೇಕು ಎನ್ನುವುದು ಅವನ ಆಸೆ. ಎತ್ತು ಏರಿಗೆ, ಕೋಣ ನೀರಿಗೆ. ಹೀಗೆ ಎಳೆದಾಡಿಕೊಂಡೇ ಹತ್ತೊಂಬತ್ತು ವರ್ಷ ಇಬ್ಬರೂ ಇಲ್ಲೇ ಉಳಿದರು.

ನಡುವೆ ನಾನು. ಗಂಡ ಹೋದ ಮೇಲೆ ಎರಡು ತಿಂಗಳು ಇದ್ದು ಹೋಗೋಣ ಎಂದು ಬಂದವಳು; ಹನ್ನೆರಡು ವರ್ಷವಾಯಿತು. ಅತ್ತಿಗೆ ಫ್ಯಾನನ್ನು ಐದಕ್ಕೆ ತಿರುಗಿಸುತ್ತಾರೆ, ಅಣ್ಣ ಎದ್ದು ಒಂದಕ್ಕೆ ಇಳಿಸುತ್ತಾನೆ. ತಲೆ ಕೆಟ್ಟು ನಾನು ಮೂರಕ್ಕೆ ತಂದರೆ ಇಬ್ಬರೂ ಒಟ್ಟಾಗಿ ನನ್ನನ್ನು ಬೈಯುತ್ತಾರೆ. ಅದೊಂದರಲ್ಲಿ ಮಾತ್ರ ಗಂಡ ಹೆಂಡಿರದು ಒಂದೇ ಮಾತು.

ಅತ್ತಿಗೆಯೂ ನಾನೂ ಕೆಲಸ ಮಾಡುವುದು ಒಂದೇ ಕೋಲ್ಡ್ ಸ್ಟೋರೇಜಿನಲ್ಲಿ. ನಾನು ಹೊರಗಿನ ಆಫೀಸಿನಲ್ಲಿ ಹಾಜರಿ ಬರೆಯುತ್ತೇನೆ, ಅವರು ಒಳಗೆ ಮೈನಸ್ ಹದಿನೆಂಟು ಡಿಗ್ರಿಯ ಕೋಣೆಯಲ್ಲಿ ಬಟಾಣಿ, ಮೀನು, ಐಸ್‌ಕ್ರೀಮಿನ ಪೆಟ್ಟಿಗೆಗಳನ್ನು ಎಣಿಸಿ, ಹಳೆಯದನ್ನು ಮುಂದಕ್ಕೆ ತಂದು ಹೊಸದನ್ನು ಹಿಂದಕ್ಕೆ ತಳ್ಳುತ್ತಾರೆ. ನಲವತ್ತು ನಿಮಿಷ ಒಳಗಿದ್ದರೆ ಇಪ್ಪತ್ತು ನಿಮಿಷ ಹೊರಗೆ ಬರಲೇಬೇಕು. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು ಎಂದು ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಉಳಿದವರೆಲ್ಲ ಮೂವತ್ತೈದನೇ ನಿಮಿಷಕ್ಕೇ ಹಲ್ಲು ಕಟಕಟಿಸುತ್ತಾ ಓಡಿ ಬರುತ್ತಾರೆ. ಅತ್ತಿಗೆಯನ್ನು ಹೊರಗೆ ಕರೆಯಲು ನಾನು ಎದ್ದು ಹೋಗಿ ಬಾಗಿಲು ಬಡಿಯಬೇಕು. "ಹಿಮಕರಡಿ ಬಂತು ದಾರಿ ಬಿಡ್ರಪ್ಪ" ಎಂದು ಲೋಡಿಂಗಿನವರು ಕೂಗುತ್ತಾರೆ. ಕೆನ್ನೆ ಕೆಂಪಗೆ ಮಾಡಿಕೊಂಡು ನಗುತ್ತಾ ಬರುವ ಅತ್ತಿಗೆಯನ್ನು ನೋಡಿದರೆ ನನಗೆ ರೇಗುತ್ತಿತ್ತು. ಮನೆಯಲ್ಲಿ ಈ ನಗು ಎಲ್ಲಿ ಹೋಗಿರುತ್ತದೆ?

ಮೂರು ತಿಂಗಳ ಹಿಂದೆ ಕಂಪನಿಯವರು ಬೆಟ್ಟದ ಮೇಲೆ ಹೊಸ ಶಾಖೆ ತೆರೆಯುವ ಸುದ್ದಿ ಬಂತು. ಅಲ್ಲಿ ವರ್ಷದಲ್ಲಿ ಆರು ತಿಂಗಳು ಹಿಮವಂತೆ. ಕೋಲ್ಡ್ ರೂಮಿನಲ್ಲಿ ಕೆಲಸ ಮಾಡುತ್ತಿರುವವರು ಮಾತ್ರ ಹೆಸರು ಕೊಡಬಹುದು, ಪಟ್ಟಿ ಹೋಗುವ ದಿನ ಅವರು ಕೋಲ್ಡ್ ರೂಮಿನಲ್ಲೇ ಇರಬೇಕು ಎಂದು ಸುತ್ತೋಲೆ. ಅದನ್ನು ಗೋಡೆಗೆ ಅಂಟಿಸಿದವಳೇ ನಾನು. ಯಾರೂ ಅತ್ತ ತಿರುಗಿ ನೋಡಲಿಲ್ಲ. ಅತ್ತಿಗೆ ಮೂರು ಸಲ ಓದಿ, ನಾಲ್ಕನೇ ಸಲ ನನ್ನ ಕೈಯಲ್ಲಿ ಓದಿಸಿ, ಅವತ್ತೇ ಹೆಸರು ಕೊಟ್ಟರು.

ಅಣ್ಣ ಒಂದು ವಾರ ಹಾರಾಡಿದ. ಎಂಟನೇ ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ: "ಬ್ರೆಡ್ಡು ಅಲ್ಲೂ ತಿಂತಾರೆ ತಾನೆ? ಒಲೆ ಮುಂದೆ ನಿಲ್ಲೋನಿಗೆ ಆಚೆ ಏನಿದ್ರೇನು. ಹತ್ತೊಂಬತ್ತು ವರ್ಷ ಇವಳು ಬೆವರಿದ್ದು ಸಾಕು."

ಅತ್ತಿಗೆ ಎದ್ದು ಅಡುಗೆಮನೆಗೆ ಹೋದರು. ಅಳುವುದನ್ನು ಯಾರೂ ನೋಡಬಾರದಲ್ಲ.

"ನೀನು ಮನೆ ನೋಡ್ಕೊಂಡಿರು. ವರ್ಷಕ್ಕೊಂದು ಸಲ ಬಂದು ಹೋಗ್ತೀವಿ" ಎಂದು ಅಣ್ಣ ನನಗೆ ಹೇಳಿದ. ಬೆಕ್ಕಿಗೆ ಹೇಳುವ ಹಾಗೆ ಹೇಳಿದ. ನಾನು "ಸಂತೋಷ ಕಣೋ" ಅಂದೆ. ಇನ್ನೇನು ಅನ್ನಲಿ?

ಪಟ್ಟಿ ಹೋಗಲು ಒಂದು ವಾರವಿತ್ತು. ಮಧ್ಯಾಹ್ನ ಅತ್ತಿಗೆ ಒಳಗಿಂದ ಬಂದು ಗ್ಲೌಸ್ ತೆಗೆದರೆ ಎರಡು ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ಗ್ಲೌಸ್ ತೂತಾಗಿದೆ ಕಣೆ, ಅದಕ್ಕೆ" ಎಂದು ಕಂಕುಳಲ್ಲಿ ಕೈ ಇಟ್ಟುಕೊಂಡು ನಕ್ಕರು. ಹತ್ತೇ ನಿಮಿಷದಲ್ಲಿ ಬಣ್ಣ ವಾಪಸು ಬಂತು. ಹೊಸ ಗ್ಲೌಸ್ ಹಾಕಿಕೊಂಡು ಮತ್ತೆ ಒಳಗೆ ಹೋದರು.

ನಾನು ಆಫೀಸಿನ ಕಾಗದ ತೆಗೆದು ಮ್ಯಾನೇಜರಿಗೆ ಬರೆದೆ. ಇವರ ಬೆರಳುಗಳಿಗೆ ತೊಂದರೆಯಾಗಿದೆ, ಆರೋಗ್ಯದ ದೃಷ್ಟಿಯಿಂದ ಹೊರಗಿನ ಕೆಲಸ ಕೊಡಬೇಕು ಎಂದು. ಅತ್ತಿಗೆಯನ್ನು ಒಂದು ಮಾತು ಕೇಳಲಿಲ್ಲ. ಕೆಟ್ಟ ಬಲ್ಬು ಬದಲಿಸಿ ಎಂದರೆ ಒಂದು ವರ್ಷ ತೆಗೆದುಕೊಳ್ಳುವ ಮಹಾನುಭಾವ ಅವತ್ತು ನಿಂತ ನಿಲುವಿನಲ್ಲೇ ಸಹಿ ಹಾಕಿಬಿಟ್ಟ!

ಮರುದಿನ ಅತ್ತಿಗೆ ಲೋಡಿಂಗ್ ಅಂಗಳದ ಮೇಲ್ವಿಚಾರಕಿ. ತಗಡಿನ ಚಾವಣಿ, ಒಂದು ಕುರ್ಚಿ, ಒಂದು ಮೇಜು. ಲೋಡಿಂಗಿನವರು ಚಪ್ಪಾಳೆ ತಟ್ಟಿದರು. ಅತ್ತಿಗೆ ಆದೇಶ ಹಿಡಿದುಕೊಂಡು ಮ್ಯಾನೇಜರ್ ಕೋಣೆಗೆ ಮೂರು ಸಲ ಓಡಾಡಿದರು. ಮೂರನೇ ಸಲ ಅವನು ನನ್ನ ಕಾಗದವನ್ನೇ ಅವರ ಮುಂದೆ ಹಿಡಿದ.

ಅತ್ತಿಗೆ ನನ್ನ ಮೇಜಿನ ಮುಂದೆ ಹಾದು ಹೋದರು, ತಲೆ ಎತ್ತಲಿಲ್ಲ. ಎರಡು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನೇ ಎದ್ದು ಮ್ಯಾನೇಜರ್ ಹತ್ತಿರ ಓಡಿದೆ.

"ತಪ್ಪಾಯ್ತು ಸಾರ್. ಆ ಕಾಗದ ಹರಿದುಬಿಡಿ."

"ಹರಿಯೋಕಾಗುತ್ತೇನ್ರಿ? ಅವರ ಬೆರಳು ಚೆನ್ನಾಗಿದೆ ಅಂತ ಡಾಕ್ಟರ ಪತ್ರ ತನ್ನಿ."

ಅರ್ಧ ದಿನ ರಜೆ ಹಾಕಿ ಅತ್ತಿಗೆಯನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಡಾಕ್ಟರು ಹತ್ತೂ ಬೆರಳನ್ನು ಒತ್ತಿ ನೋಡಿದರು. "ಏನಾದ್ರೂ ಕೆಟ್ಟಿದ್ರೆ ಬರ್ಕೊಡಬಹುದಮ್ಮ. ಏನೂ ಆಗಿಲ್ಲ ಅಂತ ಏನು ಬರೀಲಿ?" ಅಂದರು. ಕಾಲು ಹಿಡಿಯುವುದೊಂದು ಬಾಕಿ. ಎರಡು ದಿನ ಅಲೆಸಿ, ಪಟ್ಟಿ ಹೋಗುವ ದಿನ ಮಧ್ಯಾಹ್ನ ಬರೆದುಕೊಟ್ಟರು. ನಾನು ಏದುಸಿರು ಬಿಡುತ್ತಾ ಆಫೀಸಿಗೆ ಬಂದರೆ ಪಟ್ಟಿ ಬೆಳಿಗ್ಗೆಯೇ ಹೋಗಿತ್ತು. ಖಾಲಿ ಪಟ್ಟಿ. ಒಂದು ಹೆಸರೂ ಇಲ್ಲದ ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸಿ ಕಳಿಸಿದ್ದರು ಪುಣ್ಯಾತ್ಮರು.

"ಮುಂದಿನ ಸಲ ನೋಡೋಣ ಬಿಡಿ" ಅಂದ ಮ್ಯಾನೇಜರ್.

"ಮುಂದಿನ ಸಲ ಅಂದ್ರೆ ಯಾವಾಗ ಸಾರ್?"

"ಹಿಂದಿನ ಶಾಖೆ ತೆರೆದು ಹದಿನೈದು ವರ್ಷ ಆದ ಮೇಲೆ ಈಗ ಇದನ್ನ ತೆರೀತಿರೋದು."

ಅತ್ತಿಗೆಗೆ ಈಗ ನಲವತ್ತಾರು.

ಸಂಜೆ ಅಡುಗೆಮನೆಯಲ್ಲಿ ಅವರು ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸಿ ಇಡುತ್ತಿದ್ದೆ. ವಿಷಯ ಹೇಳಿದೆ. ಅವರು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಒಂದೇ ಒಂದು ಮಾತು ಕೇಳ್ತೀನಿ, ನಿಜ ಹೇಳು. ಬೆರಳು ನೋಡಿ ಹೆದರಿ ಬರೆದ್ಯಾ? ಇಲ್ಲಾ, ನಾವು ಹೋಗಿಬಿಡ್ತೀವಿ ಅಂತ ಬರೆದ್ಯಾ?"

"ಬೆರಳು ನೋಡಿ ಅತ್ತಿಗೆ" ಅಂದೆ.

ಹೇಳಿದ ತಕ್ಷಣ ಅಳು ಬಂತು. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು.

"ಅಳಬೇಡ್ವೇ. ನನಗೋಸ್ಕರ ಇಷ್ಟು ಯೋಚನೆ ಮಾಡೋರು ಇನ್ಯಾರಿದ್ದಾರೆ ಹೇಳು."

ನಂಬಿಬಿಟ್ಟರು. ಆ ಕಾಗದ ಬರೆಯುವಾಗ ಬೆರಳಿನ ಯೋಚನೆ ನನಗಿದ್ದದ್ದು ಅದರ ಮೊದಲ ಸಾಲಿನವರೆಗೆ ಮಾತ್ರ. ಉಳಿದಷ್ಟನ್ನೂ ಈ ಮನೆಯಲ್ಲಿ ನಾನೊಬ್ಬಳೇ ದೀಪ ಹಾಕಿಕೊಂಡು ಕೂರಬೇಕಲ್ಲ ಎಂದೇ ಬರೆದೆ. ಅದನ್ನು ಹೇಳಿದರೆ ಅತ್ತಿಗೆ ತಲೆಯ ಮೇಲಿಟ್ಟ ಕೈ ತೆಗೆಯುತ್ತಾರೆ. ನಾನು ಸುಮ್ಮನೆ ಅಳುತ್ತಾ ನಿಂತೆ.