ಭಾವ ಒಬ್ಬರನ್ನೇ ಹೊತ್ತುಕೊಂಡು ಹೋದ ದೋಣಿ

ನಮ್ಮ ಭಾವನ ಎದೆಗೆ ಸರಿಹೊಂದುವ ಅಂಗಿ ಶಿವಮೊಗ್ಗದ ಗಾಂಧಿ ಬಜಾರಿನ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಸಿಕ್ಕ ಅಂಗಿಯ ಮೇಲಿನ ಎರಡು ಗುಂಡಿಗಳನ್ನು ಅವರು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಆ ತೆರೆದ ಜಾಗದಲ್ಲಿ, ನರೆತ ಕೂದಲಿನ ನಡುವೆ, ಲಿಂಗದ ಬೆಳ್ಳಿ ಕರಡಿಗೆ ಹೊಳೆಯುತ್ತಿತ್ತು. ಅವರು ನಕ್ಕರೆ ಅದೂ ಕುಣಿಯುತ್ತಿತ್ತು.

ಅವರು ನನ್ನ ಅಕ್ಕನ ಗಂಡ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಹುಟ್ಟಿ ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನೆರೆಮನೆಯವರಿಂದ ಕಲಿತ ತಮಿಳನ್ನೂ ಕನ್ನಡದಷ್ಟೇ ಜೋರಾಗಿ ಮಾತನಾಡುತ್ತಿದ್ದರು. ನಮ್ಮಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತು ಓಡಾಡಿದವರು ಅವರೇ. ಕೈ ದೊಡ್ಡದು, ಮಾತು ಇನ್ನೂ ದೊಡ್ಡದು.

ಆ ದೊಡ್ಡ ಮಾತುಗಳಲ್ಲೆಲ್ಲ ದೊಡ್ಡದು ಹೊಳೆಯ ಕಥೆ. ಹದಿನೇಳನೇ ವಯಸ್ಸಿನಲ್ಲಿ, ಭದ್ರೆ ಸೇತುವೆ ಮುಟ್ಟುವ ಹಾಗೆ ತುಂಬಿ ಹರಿಯುತ್ತಿದ್ದಾಗ, ಅವರು ಒಂದು ಕೈಯಲ್ಲಿ ಟ್ರಾನ್ಸಿಸ್ಟರ್ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಈಜಿ ಆಚೆ ದಡ ಸೇರಿದ್ದರಂತೆ. “ಹಾಡು ನಿಂತಿರಲಿಲ್ಲ ಗೊತ್ತಾ ಮಾರಾಯ್ತಿ!” ಎಂದು ಮುಗಿಸುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಹೊಳೆ ಸ್ವಲ್ಪ ಅಗಲವಾಗುತ್ತಿತ್ತು. ಅಕ್ಕನಿಗೆ ಮಾತ್ರ ಆ ಕಥೆಯ ಮೇಲೆ ಬಹಳ ಹೆಮ್ಮೆ. ಅಂಗಡಿಗೆ ಬಂದವರಿಗೂ, “ನಮ್ಮೆಜಮಾನ್ರಿಗೆ ನೀರು ಅಂದ್ರೆ ನೆಲ ಇದ್ದಂಗೆ” ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಆಗಸ್ಟ್ ಹದಿನೈದರ ರಜೆ ವಾರದ ಕೊನೆಗೆ ಅಂಟಿಕೊಂಡು ಬಂತು. ಅಕ್ಕನ ಮಗಳು ಪಲ್ಲವಿ ಬಾಳೆಹೊನ್ನೂರಿನ ಕಡೆ ಭದ್ರೆಯಲ್ಲಿ ಗಾಳಿ ತುಂಬಿದ ದೋಣಿಯಲ್ಲಿ ಕೂರಿಸಿ ರ‍್ಯಾಫ್ಟಿಂಗ್ ಮಾಡಿಸುತ್ತಾರೆ, ಹೋಗೋಣ ಎಂದು ಹಟ ಹಿಡಿದಳು. ನಾನೂ ಅಕ್ಕನೂ ಕೇಳಿದ ತಕ್ಷಣ ಬೇಡವೆಂದೆವು. ಧೈರ್ಯ ಹೇಳಿದವರು ಭಾವ.

“ಅದೇನು ಬೇರೆ ಹೊಳೆನಾ? ನಮ್ಮನೆ ಮುಂದೆ ಹರಿಯೋದೇ ಅಲ್ಲಿಂದ ಬರೋದು. ದೋಣಿ ಮಗುಚಿದ್ರೆ ನಿಮ್ಮಿಬ್ಬರನ್ನೂ ಎರಡು ಕಂಕುಳಲ್ಲಿ ಇಟ್ಕೊಂಡು ದಡಕ್ಕೆ ತರ್ತೀನಿ.”

ಹೀಗೆಂದ ಮನುಷ್ಯ ಕಾರಿನಲ್ಲಿ ಪ್ರತಿ ಸೇತುವೆ ಬಂದಾಗಲೂ ಕಿಟಕಿ ಇಳಿಸಿ, “ನೀರು ಜಾಸ್ತಿ ಇದ್ರೆ ಬಿಡಲ್ಲ, ಅಲ್ವಾ?” ಎಂದು ಕೇಳುತ್ತಿದ್ದರು. ನಮ್ಮ ಬಗ್ಗೆ ಕಾಳಜಿ ಎಂದುಕೊಂಡೆವು.

ದಡದಲ್ಲಿ ಗೈಡ್ ನಮಗೆಲ್ಲ ಲೈಫ್ ಜಾಕೆಟ್ ತೊಡಿಸಿದ. ಉತ್ತರದ ಬೆಟ್ಟದ ಸೀಮೆಯವನು, ಹಿಂದಿ ಬೆರೆಸಿ ಕನ್ನಡ ಮಾತನಾಡುತ್ತಿದ್ದ. ಭಾವನ ಜಾಕೆಟ್ಟಿನ ಬಕಲ್ ಎಷ್ಟು ಎಳೆದರೂ ಕೂಡಲಿಲ್ಲ. “ಉಸಿರು ಬಿಡಿ ಸರ್, ಇನ್ನೂ ಬಿಡಿ” ಎನ್ನುತ್ತಾ ಅವರ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದ. ಕೊನೆಗೆ ಟಕ್ಕೆಂದು ಕೂಡಿತು. ಅದಾದ ಮೇಲೆ ಭಾವ ಮಾತೇ ಆಡಲಿಲ್ಲ. ಮಾತನಾಡಲು ಜಾಗವಿಲ್ಲದಿರಬಹುದು ಎಂದು ನಾವೆಲ್ಲ ನಕ್ಕೆವು.

ಮೊದಲ ಎರಡು ಮೂರು ಇಳಿಜಾರುಗಳನ್ನು ಕಿರುಚುತ್ತಾ ದಾಟಿದೆವು. ನಾನು, ನನ್ನ ಗಂಡ, ಅಕ್ಕ, ಪಲ್ಲವಿ ಹುಟ್ಟು ಹಾಕುತ್ತಿದ್ದೆವು. ಭಾವನ ಹುಟ್ಟು ನೀರು ಮುಟ್ಟಿದ್ದನ್ನು ನಾನು ನೋಡಲಿಲ್ಲ; ಅವರು ಅದನ್ನು ಮಗುವಿನ ಹಾಗೆ ಅವಚಿಕೊಂಡು ನಡುವೆ ಕುಳಿತಿದ್ದರು. ಆಮೇಲೆ ನೀರು ಸಮನಾಗಿ ಹರಿಯುವ ಒಂದು ಜಾಗ ಬಂತು. ಗೈಡ್ ದೋಣಿಯನ್ನು ಬಂಡೆಯ ಮಗ್ಗುಲಿಗೆ ತಂದು, “ಇಲ್ಲಿ ನೀರಿಗೆ ಹಾರಬಹುದು, ಜಾಕೆಟ್ ತೇಲಿಸುತ್ತೆ” ಎಂದ. ಪಲ್ಲವಿ ಹಾರಿದಳು, ನನ್ನ ಗಂಡ ಹಾರಿದರು. ನಾನು ಕಣ್ಣು ಮುಚ್ಚಿ ಜಾರಿಬಿದ್ದೆ. ನಮ್ಮೆಲ್ಲರಿಗೂ ಆಶ್ಚರ್ಯವಾಗುವ ಹಾಗೆ ಅಕ್ಕನೂ ಮೂಗು ಹಿಡಿದುಕೊಂಡು ಧುಮುಕಿದಳು.

“ನೀವೆಲ್ಲ ಆಡ್ಕೊಳ್ಳಿ. ನಾನು ದೋಣಿ ನೋಡ್ಕೋತೀನಿ” ಎಂದರು ಭಾವ.

ಅಕ್ಕ ತೇಲುತ್ತಾ ತೇಲುತ್ತಾ ನಡುಹೊಳೆಯ ಕಡೆ ಹೊರಟುಬಿಟ್ಟಳು. “ರೀ! ರೀ, ಬನ್ರೀ!” ಎಂದು ಕೂಗಿದಳು. ಭಾವ ಕದಲಲಿಲ್ಲ. ಗೈಡ್ ದೋಣಿಯ ಹಗ್ಗವನ್ನು ಬಂಡೆಯ ಮೇಲಿನ ಒಂದು ಬೇರಿಗೆ ಬಳಸಿ, ತುದಿಯನ್ನು ಭಾವನ ಕೈಗೆ ಕೊಟ್ಟು, “ಬಿಡಬೇಡಿ ಸರ್” ಎಂದು ತಾನೇ ನೀರಿಗೆ ಹಾರಿದ. ಅಕ್ಕನ ಜಾಕೆಟ್ ಹಿಡಿದು ಎಳೆದುಕೊಂಡು ಬರತೊಡಗಿದ.

ಪಲ್ಲವಿ ನೀರಿನಿಂದಲೇ, “ಅಪ್ಪಾ, ನೀವೂ ಹಾರಿ! ಟ್ರಾನ್ಸಿಸ್ಟರ್ ಇಲ್ಲ ಅಂತ ಬೇಜಾರಾ?” ಎಂದಳು.

ಬೇಡ ಬೇಡ ಎನ್ನಲು ಭಾವ ಎರಡೂ ಕೈ ಎತ್ತಿ ಆಡಿಸಿದರು. ಹಗ್ಗ ಬೇರಿನಿಂದ ಸರ್ರನೆ ಜಾರಿತು.

ದೋಣಿ ಮೊದಲು ನಿಧಾನಕ್ಕೆ ತಿರುಗಿತು. ನಾವು ಐವರು ನೀರಿನಲ್ಲಿ ತಲೆಯಷ್ಟೇ ಮೇಲಿಟ್ಟುಕೊಂಡು ಬಾಯಿ ತೆರೆದು ನೋಡುತ್ತಿದ್ದೆವು. ನಮ್ಮನ್ನು ಕಾಪಾಡಬೇಕಾದ ದೋಣಿ, ನಮ್ಮನ್ನು ಕಾಪಾಡುತ್ತೇನೆಂದ ಭಾವನನ್ನು ಕೂರಿಸಿಕೊಂಡು, ನಮ್ಮ ಕಣ್ಣೆದುರೇ ಹೊರಟುಹೋಗುತ್ತಿತ್ತು. ಅವರ ಮುಖದಲ್ಲಿ ಒಂದಿಷ್ಟೂ ರಕ್ತವಿರಲಿಲ್ಲ. ಕೆಳಗಿನ ಇಳಿಜಾರಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಆ ದೊಡ್ಡ ಗಂಟಲಿನಿಂದ “ಅಯ್ಯೋ, ಕಾಪ್ಪಾತ್ತುಂಗೋ! ಕಾಪ್ಪಾತ್ತುಂಗೋ!” ಎಂದು ತಮಿಳು ಹೊರಟಿತು. ಕಾಪಾಡಿ ಎನ್ನಲು ಕನ್ನಡವೇ ನೆನಪಾಗಲಿಲ್ಲವೇನೋ. ದೋಣಿ ಹಿಂದುಮುಂದಾಗಿ ಬಿಳಿ ನೊರೆಯೊಳಗೆ ಇಳಿಯಿತು. ಆಚೆ ಎದ್ದಾಗ ಅದರಲ್ಲಿ ಯಾರೂ ಇರಲಿಲ್ಲ.

ಅಕ್ಕ ಕಿರುಚಲಿಲ್ಲ; ಅವಳ ತುಟಿ ಮಾತ್ರ ಅಲುಗುತ್ತಿತ್ತು. ಗೈಡ್ ಸೀಟಿ ಊದುತ್ತಲೇ ನಮ್ಮನ್ನು ಒಬ್ಬೊಬ್ಬರನ್ನಾಗಿ ದಡಕ್ಕೆ ನೂಕಿದ. ಕಾಫಿ ತೋಟದ ಅಂಚಿನಲ್ಲಿ ಬರಿಗಾಲಲ್ಲಿ ಓಡಿದೆವು. ರಕ್ತ ಹೀರುವ ಇಂಬಳಗಳು ಕಾಲಿಗೆ ಹತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ. ನನ್ನ ಗಂಡ ಎರಡು ಸಲ ಬಿದ್ದು ಎದ್ದರು. ಅಕ್ಕನ ಕೈ ನನ್ನ ಕೈಯಲ್ಲಿ ಕಲ್ಲಿನ ಹಾಗಿತ್ತು.

ತಿರುವಿನಲ್ಲಿ ಭಾವ ಕಂಡರು. ಮುಗಿಲಿಗೆ ಮುಖಮಾಡಿ ಮಲಗಿ ತೇಲುತ್ತಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಒಂದು ಕೈ ಜಾಕೆಟ್ಟಿನಡಿಯ ಕರಡಿಗೆಯ ಮೇಲೆ, ಇನ್ನೊಂದು ಕೈ, ನೀರಿಗೆ ಬಿದ್ದವರನ್ನು ಹಿಡಿಯಲೆಂದು ಇಳಿಜಾರಿನ ಕೆಳಗೆ ಕಾವಲಿಗೆ ನಿಲ್ಲಿಸಿದ್ದ ಸಣ್ಣ ದೋಣಿಯವನ ಕತ್ತಿನ ಪಟ್ಟಿಯ ಮೇಲೆ. ಅವನು ಬೇಡಿಕೊಳ್ಳುತ್ತಿದ್ದ: “ಸರ್, ಎದ್ದು ನಿಂತ್ಕೊಳ್ಳಿ ಸರ್. ಇಲ್ಲಿ ಮೊಣಕಾಲುದ್ದ ನೀರು. ನನ್ನ ಬಿಡಿ, ಉಸಿರು ಕಟ್ತಿದೆ!”

ಭಾವ ಕಣ್ಣು ತೆರೆಯದೆಯೇ ಕೇಳಿದರು: “ನಾನು ಹೋದ್ನಾ?”

“ಎಲ್ಲಿಗೂ ಹೋಗಿಲ್ಲ ಕಣ್ರೀ, ಏಳಿ!” ಎಂದು ಅಕ್ಕ ನೀರಿಗಿಳಿದು ಅವರ ಕೆನ್ನೆಗೆ ಒಂದು ಬಾರಿಸಿದಳು. ಮದುವೆಯಾದಾಗಿನಿಂದ ಅವಳು ಅವರಿಗೆ ಎದುರುತ್ತರವನ್ನೂ ಕೊಟ್ಟವಳಲ್ಲ. ನಾವೆಲ್ಲ ಎರಡನೇ ಸಲ ದಂಗಾದೆವು.

ಮೂರನೆಯದು ದಡದ ಮೇಲೆ ಕಾದಿತ್ತು. ಬಕಲ್ ಬಿಚ್ಚಿದ ಮೇಲೆ ಭಾವ ದೀರ್ಘವಾಗಿ ಉಸಿರೆಳೆದುಕೊಂಡು ಹೇಳಿದರು: “ನಂಗೆ ಈಜು ಬರಲ್ಲ ಕಣೇ.”

“ಮತ್ತೆ ಆ ಟ್ರಾನ್ಸಿಸ್ಟರ್?” ಎಂದು ಪಲ್ಲವಿ ಕೇಳಿದಳು.

“ಅದು ನನ್ನ ಫ್ರೆಂಡ್ ಒಬ್ಬ ಈಜಿದ್ದು. ನಾನು ದಡದಲ್ಲಿ ಎಲ್ಲರ ಬಟ್ಟೆ ಕಾಯ್ತಾ ಕೂತಿದ್ದೆ. ದಿನಾ ಅದೇ ನನ್ನ ಕೆಲಸ. ನಂಗೆ ಮೊದಲಿಂದ್ಲೂ ನೀರು ಅಂದ್ರೆ ಭಯ ಮಾರಾಯ್ತಿ.”

ಭಾವ ಅಷ್ಟು ಮೆಲ್ಲಗೆ ಮಾತನಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಕ್ಕನ ಮುಖ ನೋಡಲು ಧೈರ್ಯವಾಗಲಿಲ್ಲ. ಒದ್ದೆ ಬಟ್ಟೆ ಬದಲಿಸಿ ಕಾರು ಹತ್ತಿದೆವು. ನರಸಿಂಹರಾಜಪುರದಲ್ಲಿ ಟೀ ಕುಡಿಯಲು ಇಳಿದಾಗ, ಅಕ್ಕ ಲೋಟ ಕೆಳಗಿಟ್ಟು ಕೇಳಿದಳು.

“ಇನ್ನೇನೇನು ಬರಲ್ಲ ನಿಮಗೆ? ಇವತ್ತೇ ಹೇಳ್ಬಿಡಿ.”

ಭಾವ ನಿಜವಾಗಿಯೂ ಯೋಚಿಸಿದರು. “ಹಾರ್ಮೋನಿಯಂ” ಎಂದರು.

ಹೆಣ್ಣು ನೋಡಲು ಬಂದಾಗ ಹಾರ್ಮೋನಿಯಂ ನುಡಿಸುತ್ತೇನೆ ಎಂದಿದ್ದರಂತೆ. ಮದುವೆಯ ವಾರವೇ ಪೆಟ್ಟಿಗೆ ರಿಪೇರಿಗೆ ಹೋಯಿತು ಎಂದಿದ್ದರಂತೆ. ಅಕ್ಕ ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು. ಅವಳ ನಗು ನಿಲ್ಲುವ ಹೊತ್ತಿಗೆ ನಮ್ಮೆಲ್ಲರ ಟೀ ಆರಿಹೋಗಿತ್ತು.

ಬೇರೆ ಯಾರೇ ಆಗಿದ್ದರೂ ಆ ಸುದ್ದಿಯನ್ನು ಹೂತುಹಾಕುತ್ತಿದ್ದರು. ಭಾವ ಮರುದಿನವೇ ಅಂಗಡಿಯಲ್ಲಿ ಮೊಳೆ ತೂಗುತ್ತಾ ಎಲ್ಲರಿಗೂ ತಾವೇ ಹೇಳಿದರು. ಕಪಾಳಕ್ಕೆ ಬಿದ್ದ ಏಟನ್ನೂ ಬಿಡಲಿಲ್ಲ. ಮುಂದಿನ ತಿಂಗಳು ನಮ್ಮೂರು ಶಿವಮೊಗ್ಗದ ಈಜುಕೊಳಕ್ಕೆ ಹೆಸರು ಬರೆಸಿದರು. ಭಾನುವಾರ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹತ್ತಿ ಬಂದು, ಸಣ್ಣ ಮಕ್ಕಳ ಸಾಲಿನಲ್ಲಿ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದರು. ಕಲಿಸುವ ಹುಡುಗಿ ಪಲ್ಲವಿಯ ವಯಸ್ಸಿನವಳು. “ಅಂಕಲ್, ಮುಖ ಮುಳುಗಿಸಿ!” ಎಂದು ಗದರುತ್ತಿದ್ದಳು. ಮುಗಿಸಿಕೊಂಡು ನಮ್ಮ ಮನೆಗೆ ಬಂದು, ಕಣ್ಣು ಕೆಂಪಗೆ ಮಾಡಿಕೊಂಡು, ರೊಟ್ಟಿ ತಿನ್ನುತ್ತಿದ್ದರು. ಬೇಸಿಗೆ ಬರುವ ಹೊತ್ತಿಗೆ ಕೊಳದ ಅಗಲವನ್ನು ನಿಲ್ಲದೆ ದಾಟಿದರು. ಆ ದಿನ ರೊಟ್ಟಿ ಎರಡು ಹೆಚ್ಚಿಗೆ ಇಳಿಯಿತು.

ಅಂಥ ಒಂದು ಭಾನುವಾರ ಅವರ ಕಣ್ಣು ನಮ್ಮ ಮನೆಯ ಮುಂದೆ ಧೂಳು ತಿನ್ನುತ್ತಿದ್ದ ಸ್ಕೂಟಿಯ ಮೇಲೆ ಬಿತ್ತು. ನಾನು ಪಾಠ ಹೇಳುವ ಶಾಲೆಗೆ ಹೋಗಿಬರಲು ಗಂಡ ನನಗೆಂದೇ ತಂದದ್ದು. ಕೇಳಿದವರಿಗೆಲ್ಲ ನಾನು, ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದೆ. ಭಾವನಿಗೂ ಅದನ್ನೇ ಹೇಳಿದೆ. ಅವರು ನಕ್ಕರು.

“ಭಯ ಅಂತ ಹೇಳು ಮಾರಾಯ್ತಿ, ಏನಾಗಲ್ಲ. ಬರಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಅರ್ಧ ಕಲಿತಂಗೆ. ನನ್ನ ನೋಡು.”

ಹೇಳಿದೆ. ಈಜು ಮುಗಿದ ಮೇಲೆ ಪ್ರತಿ ಭಾನುವಾರ ಅವರು ನನ್ನ ಹಿಂದೆ ಕೂತರು. ಖಾಲಿ ಲೇಔಟಿನ ರಸ್ತೆಗಳಲ್ಲಿ, “ಬ್ರೇಕು! ಎಮ್ಮೆ! ಬ್ರೇಕು!” ಎಂದು ನನ್ನ ಹೆಲ್ಮೆಟ್ಟಿಗೆ ಕುಟ್ಟುತ್ತಾ, ನನಗಿಂತ ಹೆಚ್ಚು ಹೆದರುತ್ತಾ ಕಲಿಸಿದರು. ಇಬ್ಬರೂ ಒಮ್ಮೆ ಮರಳಿನ ರಾಶಿಗೆ ಹೋಗಿ ಬಿದ್ದೆವು. ಎದ್ದವರು ಮೊದಲು ಮಾಡಿದ ಕೆಲಸ ನನ್ನ ಮಂಡಿ ನೋಡಿದ್ದು.

ಹೋದ ವರ್ಷ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಭಾವ ಎದೆ ಹಿಡಿದುಕೊಂಡು ಕುಸಿದರು. ಆ ಎದೆ ಹೀಗೆ ಮಾಡುತ್ತದೆಂದು ಯಾರೂ ಎಣಿಸಿರಲಿಲ್ಲ. ಪಲ್ಲವಿ ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಳು, ನನ್ನ ಗಂಡ ದಾವಣಗೆರೆಗೆ ಹೋಗಿದ್ದರು. ಅಂಗಡಿಯ ಪಕ್ಕದವರು ಶಾಲೆಗೆ ಫೋನ್ ಮಾಡಿ, “ಬೇಗ ಬನ್ನಿ ಅಮ್ಮಾ, ಆಸ್ಪತ್ರೆಲಿ ನಿಮ್ಮಕ್ಕ ಒಬ್ಬರೇ ಇದಾರೆ” ಎಂದರು. ಬಸ್ಸಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅದುವರೆಗೆ ಊರು ಬಿಟ್ಟು ಗಾಡಿ ಓಡಿಸಿದವಳಲ್ಲ. ಸ್ಕೂಟಿಯಲ್ಲೇ ಲಾರಿಗಳ ನಡುವೆ ಹೈವೇ ಹಿಡಿದು ಭದ್ರಾವತಿ ಸೇರಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಭಾವ ಹೋಗಿಬಿಟ್ಟಿದ್ದರು. ಬಂಧುಗಳು ಯಾರೂ ಇನ್ನೂ ಬಂದಿರಲಿಲ್ಲ.

ಅವಳು ನನ್ನ ಹೆಲ್ಮೆಟ್ ನೋಡಿದಳು. “ಒಬ್ಬಳೇ ಬಂದ್ಯಾ?”

“ಹೂಂ ಅಕ್ಕ.”

“ಅಳು ಬರ್ತಿಲ್ಲ ಕಣೇ ನಂಗೆ. ಜನ ಏನಂತಾರೆ?”

“ಬರದಿದ್ರೆ ಬೇಡ ಬಿಡು” ಎಂದೆ.

ಅವಳು ನನ್ನ ಹೆಗಲಿಗೆ ತಲೆಯಿಟ್ಟಳು. ಜನ ಬಂದು ತುಂಬುವವರೆಗೆ ನಾವಿಬ್ಬರೇ ಹಾಗೆ ಕೂತಿದ್ದೆವು. ಆ ಹೊತ್ತಿನಲ್ಲಿ ಅವಳ ಪಕ್ಕದಲ್ಲಿ ನಾನಿರುವಂತೆ ಮಾಡಿದವರು ಭಾವ.