ನಿಂತುಕೊಂಡು ಕೊಟ್ಟ ಉತ್ತರಗಳು

ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ, ಬೀಗ ರಿಪೇರಿಯವನ ಪಕ್ಕಕ್ಕಿರುವ ಕಟಿಂಗ್ ಅಂಗಡಿಗೆ ನೀವು ಒಂದು ಸಲ ಹೋಗಿದ್ದರೆ ಸಾಕು, ಅಲ್ಲಿ ಕತ್ತರಿ ಹಿಡಿದವಳಿಗೆ ಮಾತಿನಮಲ್ಲಿ ಎಂಬ ಹೆಸರು ಯಾಕೆ ಬಂತೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟುವಷ್ಟರಲ್ಲಿ ನಿಮ್ಮ ಮನೆಯ ವಿಷಯ, ಕತ್ತರಿ ಕಿವಿಯ ಹಿಂದೆ ಬರುವಷ್ಟರಲ್ಲಿ ಆಫೀಸಿನ ವಿಷಯ, ಬ್ರಷ್ಷಿನಿಂದ ಕೂದಲು ಝಾಡಿಸುವ ಹೊತ್ತಿಗೆ ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ವಿಷಯ, ಎಲ್ಲವೂ ಅವಳ ಕಿವಿಗೆ ಬಿದ್ದಾಗಿರುತ್ತದೆ. ಹಾಗಂತ ಚಾಡಿಕೋರಿ ಅಂದುಕೊಳ್ಳಬೇಡಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದವಳಲ್ಲ. ಕೇಳಿದ್ದನ್ನು ಕೇಳಿಸಿಕೊಂಡು, ಅದಕ್ಕೆ ತನ್ನದೊಂದು ಮಾತು ಸೇರಿಸಿ, ಕೂದಲಿನ ಜೊತೆಗೇ ಗುಡಿಸಿ ಹಾಕುತ್ತಿದ್ದಳು.

ಅವಳು ಹುಟ್ಟಿದ್ದು ಬೇರೆ ದೇಶದಲ್ಲಿ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಇಲ್ಲಿಗೆ ಬಂದಳು. ಗಂಡ ಬೇಕರಿಯಲ್ಲಿ ಹಿಟ್ಟು ನಾದುತ್ತಾನೆ, ಬಾಯಿ ಬಿಡುವುದೇ ಅಪರೂಪ. "ಮನೆಗೆ ಬೇಕಾದ ಮಾತೆಲ್ಲ ಅವಳೇ ಆಡಿ ಮುಗಿಸ್ತಾಳೆ, ನಂಗೆ ಏನೂ ಉಳಿಸಲ್ಲ" ಅನ್ನುತ್ತಾನೆ. ಅಂಗಡಿಗೆ ಅವಳು ಸೇರಿದ್ದು ಟವೆಲ್ ಒಗೆಯುವ ಕೆಲಸಕ್ಕೆ. ಕುರ್ಚಿಯಲ್ಲಿ ಕೂತವರು ಆಡುವುದನ್ನು ಕೇಳುತ್ತ ಕೇಳುತ್ತ ಈ ನಾಡಿನ ಭಾಷೆ ಕಲಿತಳು. ಆಮೇಲೆ ತಲೆ ತೊಳೆಯುವುದು, ಆಮೇಲೆ ಕತ್ತರಿ. ಕಲಿಸಿದವರು ಅಂಗಡಿಯ ಯಜಮಾನರು. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿ ಬದುಕಿದವರು, ಬಾಯಿ ತೆರೆದರೆ ಬೈಗುಳ. ಅವಳು ಅಂಗಡಿಗೆ ಬರುವುದು ಸ್ವಲ್ಪ ತಡವಾದರೂ ರಸ್ತೆಗೆ ಬಂದು ನಿಂತು ದಾರಿ ನೋಡುವವರೂ ಅವರೇ.

ಒಂದು ದಿನ ಗಿರಾಕಿಗಳೆಲ್ಲ ಹೋದ ಮೇಲೆ ಯಜಮಾನರು ತಮ್ಮ ಸುದ್ದಿ ಹೇಳಿದರು. ಅವರ ಮಗಳು ಸಮುದ್ರದಾಚೆಯ ದೇಶವೊಂದರಲ್ಲಿ ನೆಲೆಸಿದ್ದಳು. ಬನ್ನಿ ಬನ್ನಿ ಅಂತ ಎಷ್ಟೋ ಕಾಲದಿಂದ ಪ್ರಾಣ ತಿನ್ನುತ್ತಿದ್ದಳು. ಈಗ ಇವರ ಮಂಡಿ ನಿಲ್ಲಲು ಬಿಡುತ್ತಿರಲಿಲ್ಲ, ನಿಲ್ಲದೆ ಈ ಕಸುಬು ಸಾಗುವುದಿಲ್ಲ.

"ಚಳಿ ಶುರುವಾಗೋ ಮುಂಚೆ ಹೊರಡ್ತೀನಿ. ಮಗಳ ಮನೆ, ರಾಜನ ಥರ ಕೂತು ಉಣ್ತೀನಿ," ಎಂದರು. "ಅಂಗಡಿ ನಿಂಗೇ ಬಿಡಬೇಕು ಅಂತ ನನ್ನ ಆಸೆ. ಆದ್ರೆ ನಗರಸಭೆಯೋರ ಕಾನೂನು ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಆ ಸಾಲಿನ ಅಂಗಡಿಗಳೆಲ್ಲ ನಗರಸಭೆಯವು, ಪರವಾನಗಿ ಸಿಗುವುದು ಈ ದೇಶದ ಪೌರರಿಗೆ ಮಾತ್ರ. ಯಜಮಾನರು ಹೊರಡುವ ಮುಂಚೆ ಅವಳಿಗೆ ಪೌರತ್ವ ಸಿಕ್ಕರೆ ಅಂಗಡಿ ಅವಳದು. ಸಿಗದಿದ್ದರೆ ಹರಾಜು. ದೊಡ್ಡ ರಸ್ತೆಯ ಸಲೂನಿನವನು ಆಗಲೇ ಎರಡು ಸಲ ಬಂದು ಗೋಡೆ ತಟ್ಟಿ ನೋಡಿಕೊಂಡು ಹೋಗಿದ್ದ. ಅವನ ಹತ್ತಿರ ಕೆಲಸಕ್ಕೆ ಸೇರುವುದಕ್ಕಿಂತ ತಲೆ ಬೋಳಿಸಿಕೊಂಡು ಮನೆಯಲ್ಲಿ ಕೂರುವುದು ವಾಸಿ ಎಂದು ಮಾತಿನಮಲ್ಲಿಗೆ ಅನಿಸಿತ್ತು.

"ಯಾಕೆ ಸಿಗಲ್ಲ? ಸಿಕ್ಕೇ ಸಿಗುತ್ತೆ," ಎಂದಳು. ಮಾರನೆಯ ದಿನವೇ ಅರ್ಜಿ ಹಾಕಿದಳು.

ಫೋಟೋ ತೆಗೆಸಿದ್ದು, ಬೆರಳಚ್ಚು ಕೊಟ್ಟಿದ್ದು, ಪೊಲೀಸರು ಬಂದು ಅಕ್ಕಪಕ್ಕದವರನ್ನು ವಿಚಾರಿಸಿದ್ದು, ಅದನ್ನೆಲ್ಲ ಹೇಳುತ್ತ ಕೂತರೆ ನಿಮಗೆ ಆಕಳಿಕೆ ಬಂದೀತು. ವಿಚಾರಿಸಲು ಬಂದ ಪೊಲೀಸಿನವನೇ ಅವಳ ಗಿರಾಕಿ, ಬಂದ ಕೆಲಸ ಬಿಟ್ಟು ತನ್ನ ಮೀಸೆ ಸರಿಮಾಡಿಸಿಕೊಂಡು ಹೋದ ಎಂದಷ್ಟು ಹೇಳಿದರೆ ಸಾಕು. ಕೊನೆಗೆ ಉಳಿದದ್ದು ಸಂದರ್ಶನ. ಅಧಿಕಾರಿಯ ಎದುರು ಕೂತು ದೇಶದ ಬಗ್ಗೆ, ಕಾನೂನಿನ ಬಗ್ಗೆ, ತನ್ನ ಬಗ್ಗೆ ಈ ನಾಡಿನ ಭಾಷೆಯಲ್ಲಿ ಉತ್ತರ ಹೇಳಬೇಕು. ಫೇಲಾದರೆ ಮತ್ತೆ ಕರೆಯುವುದು ಮುಂದಿನ ವರ್ಷ. ಅಷ್ಟು ಹೊತ್ತಿಗೆ ಅಂಗಡಿಯ ಬಾಗಿಲಿಗೆ ಸಲೂನಿನವನ ಗಾಜು ಕೂತಿರುತ್ತದೆ.

ಅಂಗಡಿಯಲ್ಲೇ ಪಾಠಶಾಲೆ ಶುರುವಾಯಿತು. ಯಜಮಾನರು ಬೆಂಚಿನ ಮೇಲೆ ಕೂತು, ಸರ್ಕಾರ ಕೊಟ್ಟ ಪುಸ್ತಕವನ್ನು ಮೂಗಿನ ತುದಿಗೆ ಹಿಡಿದು ಪ್ರಶ್ನೆ ಕೇಳುವರು. ಅವಳು ಗಿರಾಕಿಯ ಹಿಂದೆ ನಿಂತು, ಕತ್ತರಿ ಆಡಿಸುತ್ತ, ಕನ್ನಡಿಯೊಳಗಿನ ಗಿರಾಕಿಯ ಮುಖ ನೋಡುತ್ತ ಉತ್ತರ ಹೇಳುವಳು. ಅರಳು ಹುರಿದ ಹಾಗೆ ಹೇಳುವಳು. ಕೆಲವು ಉತ್ತರಗಳಿಗೆ ಬೆಂಚಿನ ಮೇಲೆ ಕೂತವರಲ್ಲೇ ಜಗಳ ಹತ್ತಿಕೊಳ್ಳುತ್ತಿತ್ತು. ಒಮ್ಮೆಯಂತೂ ಅರ್ಧ ತಲೆ ಕತ್ತರಿಸಿಕೊಂಡಿದ್ದ ಮೇಷ್ಟ್ರು ಬಟ್ಟೆ ಸಮೇತ ಎದ್ದು ಬಂದು ಮೇಲ್ಮನೆ ಕೆಳಮನೆಗಳ ವಿಷಯವಾಗಿ ಬೀಗದವನ ಜೊತೆ ವಾದಕ್ಕೆ ನಿಂತರು. ಹೀಗೆ ಊರಿಗೆ ಊರೇ ಸೇರಿ ಓದಿಸಿದ ಮೇಲೆ ಅವಳು ಆ ಪುಸ್ತಕವನ್ನು ಅರೆದು ಕುಡಿದಿದ್ದಳು.

"ಇವಳು ಫೇಲಾದ್ರೆ ನಾನು ಮೀಸೆ ಬೋಳಿಸ್ಕೋತೀನಿ," ಎಂದ ಬೀಗದವನು.

"ನಿಂಗೆಲ್ಲಿದೆಯಪ್ಪ ಮೀಸೆ," ಎಂದಳು ಮಾತಿನಮಲ್ಲಿ.

ಸಂದರ್ಶನದ ದಿನ ಗಂಡ ರಜೆ ಹಾಕಿ ಜೊತೆಗೆ ಬಂದ. ಕಚೇರಿಯ ಬಾಗಿಲಲ್ಲಿ, "ಹೆದರಬೇಡ ಕಣೇ," ಎಂದ.

"ಮಾತಾಡೋಕೆ ಹೆದರ್ತೀನಾ? ನೀವೊಬ್ರು ಸರಿ ಬಿಡ್ರಿ," ಎಂದು ಒಳಗೆ ಹೋದಳು.

ಒಳಗೊಂದು ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ, ಅಧಿಕಾರಿಯ ಹಿಂದೆ ಖಾಲಿ ಗೋಡೆ. ಅಧಿಕಾರಿ ಸಣ್ಣ ವಯಸ್ಸಿನವನೇ, ಒಳ್ಳೆಯ ಮನುಷ್ಯನಂತೆಯೇ ಕಂಡ. "ಬನ್ನಿ, ಕೂತ್ಕೊಳ್ಳಿ," ಎಂದ. ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು.

"ನಿಮ್ಮ ಕೆಲಸ ಏನು?"

ಅದಕ್ಕಿಂತ ಸುಲಭದ ಪ್ರಶ್ನೆ ಇದೆಯೇ? ಮಾತಿನಮಲ್ಲಿ ಬಾಯಿ ತೆರೆದಳು. ಏನೂ ಬರಲಿಲ್ಲ. ಅಧಿಕಾರಿಯ ಕಣ್ಣು ಅವಳ ಕಣ್ಣನ್ನು ನೇರವಾಗಿ ನೋಡುತ್ತಿತ್ತು. ಈ ಭಾಷೆಯಲ್ಲಿ ಅವಳ ಜೊತೆ ಮಾತಾಡಿದವರು ಯಾರೂ ಹಾಗೆ ಎದುರಿಗೆ ಕೂತು ನೋಡಿದ್ದಿಲ್ಲ. ಅವರೆಲ್ಲ ಅವಳಿಗೆ ಬೆನ್ನು ಹಾಕಿ ಕೂತವರು, ಕನ್ನಡಿಯೊಳಗಿಂದ ಮಾತಾಡಿದವರು. ಅವಳು ನಿಂತಿರುತ್ತಿದ್ದಳು, ಕೈಗೆ ಕೆಲಸವಿರುತ್ತಿತ್ತು. ಮನೆಗೆ ಬಂದರೆ ಗಂಡನ ಜೊತೆ ತವರಿನ ಮಾತು. ಕೈ ಕಟ್ಟಿ ಕೂತು ಈ ಭಾಷೆ ಆಡುವ ಸಂದರ್ಭವೇ ಅವಳಿಗೆ ಇಷ್ಟು ವರ್ಷ ಬಂದಿರಲಿಲ್ಲ. ಅಭ್ಯಾಸ ಮಾಡಿಸಿದ ಅಷ್ಟು ಜನರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ, ನೋಡಿ.

"ಕೆಲಸ... ಕೂದಲು," ಎಂದಳು.

ಅಧಿಕಾರಿ ಏನೋ ಬರೆದುಕೊಂಡ. "ಈ ದೇಶದಲ್ಲಿ ಕಾನೂನು ಮಾಡೋರು ಯಾರು?"

ಮೇಷ್ಟ್ರು ಎದ್ದು ಬಂದು ಜಗಳವಾಡಿದ ಪ್ರಶ್ನೆ ಅದು. ಮೇಷ್ಟ್ರ ಮುಖ ನೆನಪಿಗೆ ಬಂತು, ಅರ್ಧ ತಲೆ ನೆನಪಿಗೆ ಬಂತು, ಉತ್ತರ ಬರಲಿಲ್ಲ. ಅಧಿಕಾರಿ ಮತ್ತೆ ಬರೆದುಕೊಂಡ. ಅವನ ಮುಖದಲ್ಲಿ ಅಯ್ಯೋ ಪಾಪ ಅನ್ನುವ ಭಾವ ಮೂಡಿದ್ದು ಅವಳಿಗೆ ಕಂಡಿತು. ಹರಾಜು ಕೂಗುವವನ ದನಿ ಕಿವಿಯಲ್ಲೇ ಕೇಳಿಸಿದಂತಾಯಿತು. ಅದರ ಬೆನ್ನಿಗೇ ಕೋಪವೂ ಬಂತು, ತನ್ನ ಮೇಲೆಯೇ. ಊರವರ ಬಾಯಿಗೆಲ್ಲ ಉತ್ತರ ಕೊಡುವ ನಾನು ಒಂದು ಕುರ್ಚಿಗೆ ಸೋಲುವುದೇ ಅಂದುಕೊಂಡಳು.

"ಸಾರ್, ನಾನು ನಿಂತ್ಕೊಳ್ಳಲಾ?"

"ಯಾಕೆ, ಬೆನ್ನು ನೋವಾ?"

"ಇಲ್ಲ ಸಾರ್. ಕೂತು ಮಾತಾಡಿ ಅಭ್ಯಾಸ ಇಲ್ಲ."

ಅಧಿಕಾರಿ ಮೇಜಿನ ಮೇಲಿದ್ದ ನಿಯಮದ ಪುಸ್ತಕದತ್ತ ಒಮ್ಮೆ ನೋಡಿದ. ಅಭ್ಯರ್ಥಿ ಕೂತಿರಲೇಬೇಕು ಎಂದು ಅದರಲ್ಲಿ ಎಲ್ಲೂ ಇದ್ದ ನೆನಪು ಅವನಿಗಿರಲಿಲ್ಲ. "ಸರಿ, ನಿಂತ್ಕೊಳ್ಳಿ," ಎಂದ. ಅವಳು ಎದ್ದಳು. ಎದ್ದವಳು ಅಲ್ಲೇ ನಿಲ್ಲದೆ ಮೇಜು ಸುತ್ತಿಕೊಂಡು ಹೋಗಿ ಅವನ ಕುರ್ಚಿಯ ಹಿಂದೆ ನಿಂತುಬಿಟ್ಟಳು. ಬಡಪಾಯಿ ಅಧಿಕಾರಿ ಕತ್ತು ತಿರುಗಿಸಲು ಹೋದ.

"ತಲೆ ನೆಟ್ಟಗಿಡಿ," ಎಂದಳು. ಬಾಯಿಗೆ ತಾನಾಗಿ ಬಂದ ಮಾತು. ಅವನೂ ತಾನಾಗಿ ತಲೆ ನೆಟ್ಟಗಿಟ್ಟ. ಎಲ್ಲ ಗಂಡಸರೂ ಇಡುತ್ತಾರೆ.

"ನಾನು ಮಾರುಕಟ್ಟೆ ಹಿಂದಿನ ಕಟಿಂಗ್ ಅಂಗಡೀಲಿ ಕೂದಲು ಕತ್ತರಿಸ್ತೀನಿ ಸಾರ್," ಎಂದು ಶುರುಮಾಡಿದಳು. "ಕಾನೂನು ಮಾಡೋರು ನಾವು ಆರಿಸಿ ಕಳಿಸಿದೋರು. ಎರಡು ಮನೆ ಇರುತ್ತೆ..." ನಾಲಿಗೆಯ ಗಂಟು ಬಿಚ್ಚಿತು. ಅವನು ಕೇಳಿದ್ದಕ್ಕೆ ಪಟಪಟನೆ ಉತ್ತರ ಬಂತು, ಕೇಳದ್ದಕ್ಕೂ ಬಂತು. ನಡುವೆ, "ನಿಮ್ಗೆ ಕತ್ತರಿಸಿದೋರು ಎಡಗಿವಿ ಹಿಂದೆ ಅವಸರ ಮಾಡಿದಾರೆ ಸಾರ್," ಎಂದಳು. ಅಧಿಕಾರಿ ಕಿವಿಯ ಹಿಂದೆ ಕೈಯಾಡಿಸಿ, ತನ್ನ ಹೆಂಡತಿ ಮನೆಯಲ್ಲೇ ಕತ್ತರಿಸಿದ್ದು ಎಂದ. ಮಗು ಬೇರೆ ಅಳುತ್ತಿತ್ತು ಎಂದ. ಹಲ್ಲು ಬರುತ್ತಿದೆ, ಇಬ್ಬರಿಗೂ ನಿದ್ದೆಯಿಲ್ಲ ಎಂದ. ಅಷ್ಟರಲ್ಲಿ ಎಚ್ಚೆತ್ತುಕೊಂಡು, "ನೋಡಿಯಮ್ಮಾ, ಇಲ್ಲಿ ಪ್ರಶ್ನೆ ಕೇಳೋನು ನಾನು," ಎಂದ.

"ಕೇಳಿ ಸಾರ್, ಬೇಡ ಅಂದೋರು ಯಾರು?"

"ಕಡೇದು. ಈ ದೇಶದ ಪ್ರಜೆ ಯಾಕೆ ಆಗಬೇಕು ಅಂತಿದೀರಿ?"

ಇದಕ್ಕೆ ಮೇಷ್ಟ್ರು ಹಕ್ಕು, ಕರ್ತವ್ಯ ಎಂದು ದೊಡ್ಡ ಉತ್ತರವೊಂದನ್ನು ಬಾಯಿಪಾಠ ಮಾಡಿಸಿದ್ದರು. ಅವಳಿಗೆ ಅದು ಚೆನ್ನಾಗಿ ನೆನಪಿತ್ತು. ಆದರೆ ಕತ್ತಿನ ಹಿಂದೆ ನಿಂತು ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ನಂಗೆ ಅಂಗಡಿ ಬೇಕು ಸಾರ್. ಪ್ರಜೆ ಆಗದಿದ್ರೆ ನಗರಸಭೆಯೋರು ಕೊಡಲ್ಲ. ಆ ಬೀದಿಯೋರ ತಲೆ ಎಲ್ಲ ನಂಗೆ ಗೊತ್ತು, ಯಾರಿಗೆ ಸುಳಿ ಎಲ್ಲಿದೆ, ಯಾರಿಗೆ ಮಗನ ಚಿಂತೆ ಇದೆ. ಅವರನ್ನ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ?"

"ಇದನ್ನ ಹೀಗೇ ಬರೀಲಾ?"

"ಬರೀರಿ. ಇರೋದೇ ಅದು."

ಅವನು ಬರೆದ. ಎದ್ದು ಬಾಗಿಲು ತೆರೆಯುತ್ತ, "ಅಂಗಡಿ ಭಾನುವಾರ ಇರುತ್ತಾ?" ಎಂದು ಕೇಳಿದ. ಹೊರಗೆ ಬಂದವಳ ಮುಖ ನೋಡಿ ಗಂಡ ಅವಳ ಕೈ ಹಿಡಿದುಕೊಂಡ. ಅವನ ಕೈಯ ಚರ್ಮದ ಗೆರೆಗಳಲ್ಲಿ ಹಿಟ್ಟು ಕೂತಿತ್ತು.

ಕೆಲವು ವಾರಗಳಲ್ಲಿ ಒಪ್ಪಿಗೆ ಬಂತು. ಒಂದು ದೊಡ್ಡ ಹಾಲಿನಲ್ಲಿ, ಬೇರೆ ಬೇರೆ ದೇಶಗಳಿಂದ ಬಂದವರ ನಡುವೆ ನಿಂತು ಅವಳು ಪ್ರಮಾಣವಚನ ಹೇಳಿದಳು. ಹೇಳುವಾಗ ಹುಟ್ಟಿದ ಊರು ಒಂದು ಕ್ಷಣ ಕಣ್ಣಮುಂದೆ ಬಂತು. ಆದರೂ ಕೊನೆಯ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಅವಳೇ. ಅದೇ ವಾರ ಪರವಾನಗಿ ಅವಳ ಹೆಸರಿಗಾಯಿತು. ಸಲೂನಿನವನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟ.

ಯಜಮಾನರು ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಂಗಡಿಗೆ ಬಂದರು. ತಾವಾಗಿ ಗಿರಾಕಿಯ ಕುರ್ಚಿಯಲ್ಲಿ ಕೂತರು.

"ನಂದೂ ಒಂದು ಕತ್ತರಿಸಿಬಿಡು. ಮಗಳ ಮುಂದೆ ಕರಡಿ ಥರ ಹೋಗಿ ನಿಲ್ಲೋದು ಬೇಡ."

ಅವಳು ಬಟ್ಟೆ ಕಟ್ಟಿದಳು, ಎಂದಿನಂತೆ ಮಾತಿಗೆ ಶುರುಮಾಡಿದಳು. ಯಜಮಾನರು ಹೂಂ ಹೂಂ ಎನ್ನುತ್ತಿದ್ದರೇ ಹೊರತು ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಒಂದು ಕೇಳ್ಲಾ?" ಎಂದರು.

"ಕೇಳಿ. ಇನ್ನೂ ಪ್ರಶ್ನೆ ಬಾಕಿ ಇದೆಯಾ?"

"ನೀನು ಈ ದೇಶಕ್ಕೆ ಬಂದೆಯಲ್ಲ, ಮೊದಮೊದಲು ಏನು ಮಾಡಿದೆ?"

ಅವಳಿಗೆ ತಮಾಷೆ ಮಾಡಬೇಕೆನಿಸಿತು. ಅವರು ತಮಾಷೆಗೆ ಕೇಳುತ್ತಿಲ್ಲವೆಂದು ತಿಳಿದು ಅದನ್ನು ಬಿಟ್ಟಳು.

"ಬಾಗಿಲು ಹಾಕ್ಕೊಂಡು ಅಳ್ತಾ ಕೂತಿದ್ದೆ ಯಜಮಾನ್ರೇ. ಅಂಗಡಿಗೆ ಹೋದ್ರೆ ಏನು ಕೇಳ್ಬೇಕು ಗೊತ್ತಿಲ್ಲ, ಬಸ್ಸು ಹತ್ತಿದ್ರೆ ಎಲ್ಲಿ ಇಳೀಬೇಕು ಗೊತ್ತಿಲ್ಲ. ಆಮೇಲೆ ಒಂದಿನ ನಿಮ್ಮ ಬಾಗಿಲಲ್ಲಿ ಬಂದು ನಿಂತೆ. ಕೆಲಸ ಇದೆಯಾ ಅಂತ ಕೇಳೋಕೂ ಬರ್ತಿರ್ಲಿಲ್ಲ. ನೀವು ಒಳಗೆ ಕರೆದ್ರಿ."

"ನನ್ನ ಅಲ್ಲಿ ಯಾರು ಕರೀತಾರೆ?" ಎಂದರು ಯಜಮಾನರು. "ಮಗಳು ಅಳಿಯ ಬೆಳಿಗ್ಗೆ ಹೋದ್ರೆ ಸಂಜೆಗೆ ಬರೋದು. ಮೊಮ್ಮಕ್ಕಳಿಗೆ ನನ್ನ ಮಾತು ಅರ್ಧಂಬರ್ಧ. ರಾಜನ ಥರ ಇರ್ತೀನಿ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ನಂಗೆ ಭಯ ಆಗ್ತಿದೆ ಕಣಮ್ಮ."

ಅವಳ ಕತ್ತರಿ ನಿಂತಿತು. ಈ ಮನುಷ್ಯನಿಗೂ ಭಯವಾಗುತ್ತದೆ ಎಂದು ಅವಳಿಗೆ ಈ ತನಕ ಗೊತ್ತಿರಲಿಲ್ಲ. ತಾನು ಗೆದ್ದ ಅಂಗಡಿ ಇವರು ಬಿಟ್ಟು ಹೋಗುವ ಅಂಗಡಿ ಎಂಬುದು ಆಗ ಅವಳ ಎದೆಗೆ ಸರಿಯಾಗಿ ತಾಗಿತು. ಕತ್ತರಿಯನ್ನು ಮತ್ತೆ ಆಡಿಸಿದಳು.

"ಕೂದಲು ಬೆಳೆದ ಕೂಡ್ಲೇ ಹೊರಗೆ ಹೋಗಿ," ಎಂದಳು. "ಮನೇಲಿ ಮಗಳ ಕೈಲಿ ಕತ್ತರಿಸ್ಕೋಬೇಡಿ. ಒಂದು ಅಂಗಡಿ ಹುಡುಕಿ, ಹೋಗಿ ಕೂತ್ಕೊಳ್ಳಿ. ಭಾಷೆ ಬರ್ದಿದ್ರೂ ಪರವಾಗಿಲ್ಲ. ಕತ್ತರಿ ಹಿಡಿದೋರು ಮಾತಾಡಿಸದೆ ಬಿಡಲ್ಲ."

"ಕೆಟ್ಟದಾಗಿ ಕತ್ತರಿಸಿದ್ರೆ?"

"ಬೈಯಿರಿ. ಅವರ ಭಾಷೇಲೇ ಬೈಯೋಕೆ ಬಂದ ದಿನ ಆ ಊರು ನಿಮ್ಮದಾಯ್ತು ಅಂತ ತಿಳ್ಕೊಳ್ಳಿ."

ಯಜಮಾನರು ಆಗಲಿ ಎನ್ನುವಂತೆ ತಲೆಯಾಡಿಸಿದರು. ಆಡಿಸುತ್ತಲೇ ಇದ್ದರು.

"ತಲೆ ಅಲ್ಲಾಡಿಸ್ಬೇಡಿ ಯಜಮಾನ್ರೇ, ಕತ್ತರಿ ತಗಲುತ್ತೆ," ಎಂದು ಮಾತಿನಮಲ್ಲಿ ಗದರಿದಳು. ಆಮೇಲೆ ಕೂದಲು ಝಾಡಿಸಿ ಮುಗಿಯುವ ತನಕ ಅವಳು ಒಂದು ಮಾತನ್ನೂ ಆಡಲಿಲ್ಲ.