ಬೀಗತಿಯ ಬೆನ್ನಿಗೆ ಹತ್ತಿದ ಸುಣ್ಣ

ಕಾಲುವೆಗೆ ನೀರು ಬಿಡುವುದು ನಿಂತ ಮೇಲೆಯೇ ನಮ್ಮ ಸಿಂಧನೂರಿನಲ್ಲಿ ಗೋಡೆಗಳ ಮಾತು ಶುರುವಾಗುವುದು. ನೆಲ್ಲು ಮಿಲ್ಲು ಸೇರಿ, ಗದ್ದೆಗಳು ಬಿರಿದು, ಬಿಸಿಲು ಏರಿತೆಂದರೆ ಮನೆಗಳ ಮುಂದೆ ಮಂಚ, ತಿಜೋರಿ, ಹಿಂಬದಿಗೆ ಬೂಸ್ಟು ಹಿಡಿದ ದೇವರ ಫೋಟೋ ಎಲ್ಲ ಬಂದು ಕೂರುತ್ತವೆ. ಬಣ್ಣ ಹಚ್ಚಿಸುವವರು ಆಗಲೇ ಹಚ್ಚಿಸಬೇಕು. ಕಾಲುವೆ ಹರಿಯುವಾಗ ಹಚ್ಚಿದ ಬಣ್ಣ ಈ ಊರಿನ ಗೋಡೆಗಳ ಮೇಲೆ ನಿಲ್ಲುವುದಿಲ್ಲ.

ನಮ್ಮ ಹಿಂದಿನ ಕೋಣೆಗೆ ಹಾಗೇ ಆಗಿತ್ತು. ಮಗಳ ಮದುವೆಯ ಅವಸರದಲ್ಲಿ, ಸುತ್ತಲ ಗದ್ದೆಗಳಲ್ಲಿ ನೀರು ನಿಂತಿರುವಾಗಲೇ, ಗೋಡೆಯ ಕೆಳಗಿನ ಅರ್ಧಕ್ಕೆ ಎಣ್ಣೆ ಪೇಂಟು ಹೊಡೆಸಿದ್ದೆವು. ಇಲ್ಲಿ ಬಹಳ ಮಂದಿ ಮಾಡುವುದು ಅದನ್ನೇ. ಹಸಿ ಕಾಣದಿರಲಿ ಎಂದು ಹೊಳೆಯುವ ಬಣ್ಣ ಹೊದಿಸಿಬಿಡುತ್ತಾರೆ. ಹಸಿ ಎಲ್ಲಿಗೂ ಹೋಗುವುದಿಲ್ಲ, ಬಣ್ಣದ ಹಿಂದೆ ಕೂತಿರುತ್ತದೆ. ವರ್ಷ ತುಂಬುವಷ್ಟರಲ್ಲಿ ಗೋಡೆಯ ತುಂಬ ಗುಳ್ಳೆ ಎದ್ದವು. ಬೆರಳಿನಿಂದ ಒತ್ತಿದರೆ ಒಳಗಿಂದ ಬಿಳಿ ಉಪ್ಪು ಉದುರುತ್ತಿತ್ತು.

ಮಗಳು ಗಂಡನ ಮನೆಗೆ ಹೋದ ಮೇಲೆ ಆ ಕೋಣೆಗೆ ಹೋಗುವವಳು ನಾನೊಬ್ಬಳೇ. ಯಜಮಾನರು ಬೆಳಗ್ಗೆ ಗೊಬ್ಬರದ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮಧ್ಯಾಹ್ನ ನನ್ನದೊಂದು ತಾಟು ತೊಳೆದು ಬೋರಲು ಹಾಕಿ, ಆ ಬಾಗಿಲಲ್ಲಿ ನಿಂತು, ಇವತ್ತು ಯಾವ ಗುಳ್ಳೆ ಒಡೆದಿದೆ ಎಂದು ನೋಡುತ್ತಿದ್ದೆ. ಮನೆಯಲ್ಲಿ ದಿನಕ್ಕೊಂದು ರೀತಿ ಇರುತ್ತಿದ್ದದ್ದು ಅದೊಂದೇ ಗೋಡೆ.

ಸಂಕ್ರಾಂತಿಗೆ ಮಗಳು ಅತ್ತೆಯ ಜೊತೆ ಲಿಂಗಸುಗೂರಿನಿಂದ ಬಂದಳು. ಬಸುರಿ ಎಂಬ ಸುದ್ದಿ ಆಗಷ್ಟೇ ಗೊತ್ತಾಗಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ನಾನು ಖುಷಿಯಿಂದ ಬೀಗತಿಯನ್ನು ಕರೆದುಕೊಂಡು ಹೋಗಿ ಆ ಕೋಣೆ ತೋರಿಸಿದೆ. ಅವರು ಗೋಡೆಗೆ ಅಂಗೈ ಹಚ್ಚಿ, ತೆಗೆದು, ಮೂಸಿ ನೋಡಿದರು.

"ಬೀಗತ್ಯಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಗ್ವಾಡಿ ಮಗ್ಗಲಕ ಕೂಸಿನ್ನ ಹೆಂಗ ಮಲಗಿಸ್ತೀರಿ? ಥಂಡಿ ಹಿಡಿತೈತಿ. ಬಾಣಂತನ ನಮ್ಮ ಮನ್ಯಾಗ ಆಗ್ಲಿ ತಗೋರಿ."

"ಹಂಗಲ್ರೀ, ತವರಮನಿ..."

"ನಮ್ಮ ಕಡೆ ಕುಡ್ಯಾಕ ನೀರಿಲ್ಲ ಅಂತ ನಗತೀರಲ್ಲ ನೀವು ಕಾಲುವಿ ಮಂದಿ. ಗ್ವಾಡಿ ಅಂತೂ ಒಣಾ ಅದಾವ ನೋಡ್ರಿ!" ಎಂದು ಅವರೇ ನಕ್ಕರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮಗಳು ನನ್ನ ಕೈಯಿಂದ ಚೀಲ ತೆಗೆದುಕೊಳ್ಳುವಾಗ ಮೆಲ್ಲಗೆ ಅಂದಳು: "ಅವ್ವಾ, ನಂಗ ಇಲ್ಲೇ ಬರಬೇಕನಸ್ತೈತಿ. ನೀ ಅಷ್ಟು ಗ್ವಾಡಿ ನೋಡು."

ಅವಳಿಗೆ ಏಳನೇ ತಿಂಗಳ ಕುಬಸ ಮಾಡಿ ತವರಿಗೆ ಕರೆತರುವುದರೊಳಗೆ ಗೋಡೆ ಒಣಗಬೇಕಿತ್ತು. ಒಣಗಿದರೆ ಮಗಳು ಐದು ತಿಂಗಳು ನನ್ನ ಜೊತೆ ಇರುತ್ತಾಳೆ. ಇಲ್ಲವಾದರೆ ನಾನೇ ಬೀಗರ ಮನೆಗೆ ನೆಂಟರಂತೆ ಹೋಗಿ, ಮೊಮ್ಮಗುವನ್ನು ಎತ್ತಿಕೊಂಡು, ಚಹಾ ಕುಡಿದು, ಕೊನೆಯ ಬಸ್ಸಿಗೆ ವಾಪಸ್ಸು ಬರಬೇಕು.

ಕಾಲುವೆ ನಿಂತಿತು. ಬಣ್ಣದ ಅಂಗಡಿಗೆ ಹೋಗುವ ಮುಂಚೆ ನಾನು ಹಿತ್ತಲಿಗೆ ಹೋದೆ. ಗೋಡೆ ಒಳಗೆ ಹಸಿಯಾಗಿದ್ದರೆ ಹೊರಗೆ ಹೋಗಿ ನೋಡಬೇಕು. ನೀರು ಎಲ್ಲಿಂದಲೋ ಬರುತ್ತಿರುತ್ತದೆ. ನಮ್ಮ ಕನಕಾಂಬರದ ಮಡಿಗೆ ವರ್ಷ ವರ್ಷ ಮಣ್ಣು ಹಾಕಿ ಹಾಕಿ ಅದು ಒಳಗಿನ ನೆಲಕ್ಕಿಂತ ಎತ್ತರವಾಗಿತ್ತು. ಬಚ್ಚಲಿನ ನೀರೂ ಅದರ ಪಕ್ಕದಲ್ಲೇ ಹರಿಯುತ್ತಿತ್ತು. ಆಳು ಹಚ್ಚಿ ಮಣ್ಣು ತೆಗೆಸಿದೆ, ಬಚ್ಚಲಿಗೆ ಪೈಪು ಹಾಕಿಸಿದೆ. ಕನಕಾಂಬರ ಉಳಿಯಲಿಲ್ಲ. ಅದು ಮಗಳು ನೆಟ್ಟಿದ್ದು, ಆದರೂ ಕಿತ್ತೆ.

ಬಣ್ಣದ ಮೇಸ್ತ್ರಿ ಮಸ್ಕಿಯವರು. ಬೆಳಗಿನ ಬಸ್ಸಿಗೆ ಬಂದು, ಟೊಪ್ಪಿಗೆ ತೆಗೆದು ಮೊಳೆಗೆ ಹಾಕಿ, ಗೋಡೆ ನೋಡಿ ನಕ್ಕರು.

"ಇದಕ್ಕೇನ್ರೀ ಅಕ್ಕಾರ, ಕೆರೆದು ಮತ್ತ ಎಣ್ಣಿ ಪೇಂಟ್ ಜಡದ್ರ ಕನ್ನಡಿ ಆಗಿಬಿಡ್ತೈತಿ."

"ಪೇಂಟ್ ಬ್ಯಾಡ್ರಿ. ಸುಣ್ಣ ಹಚ್ಚೋಣ."

"ಸುಣ್ಣಾ? ಯಾ ಅಲ್ಲಾ! ಈಗ ದನದ ಕೊಟ್ಟಿಗಿಗೂ ಯಾರೂ ಹಚ್ಚಂಗಿಲ್ರಿ. ಗೊಬ್ಬರದಂಗಡಿ ಸಾವ್ಕಾರ್ರಿಗೆ ಪೇಂಟಿಗೆ ಗತಿ ಇಲ್ಲೇನು ಅಂತಾರ ಮಂದಿ."

"ಅನ್ಲಿ ಬಿಡ್ರಿ. ನಿಮ್ಮ ಪೇಂಟು ಹೊಟ್ಟಿ ಉಬ್ಬಿಸ್ಕೊಂಡು ನಿಂತದ್ದನ್ನೂ ಮಂದಿ ನೋಡ್ಯಾರ."

"ಅದು ನಾ ಹೊಡದಿದ್ದಲ್ರೀ! ಯಾವನೋ ಸಿಂಧನೂರಾಂವ!"

ಸುಣ್ಣದ ಯೋಚನೆ ನನಗೆ ಬಂದದ್ದು ನಾನು ಓದಿದ ಕಾನ್ವೆಂಟಿನಿಂದ. ಅಲ್ಲಿ ಪ್ರತಿ ಬೇಸಿಗೆ ಸಿಸ್ಟರುಗಳೇ ಡ್ರಮ್ಮಿನಲ್ಲಿ ಸುಣ್ಣದ ಹರಳು ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ನೀಲಿ ಹಾಕಿಸುತ್ತಿದ್ದರು. ಬಾವಿಯ ಪಕ್ಕದ ಕೋಣೆಯ ಗೋಡೆ ಸದಾ ತಂಪಾಗಿರುತ್ತಿತ್ತು, ಗುಳ್ಳೆ ಮಾತ್ರ ಎಂದೂ ಏಳಲಿಲ್ಲ. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ ಎಂದು ಮುದುಕಿ ಸಿಸ್ಟರೊಬ್ಬರು ಹೇಳುತ್ತಿದ್ದರು. ಹಾಸ್ಟೆಲಿನ ಹುಡುಗಿಯರು ನಾವು ಮನೆ ನೆನೆಸಿಕೊಂಡು ಅಳುವಾಗ ಆ ಗೋಡೆಗೇ ಮುಖ ಮಾಡಿ ಮಲಗುತ್ತಿದ್ದೆವು. ಬೆಳಗ್ಗೆ ಕೆನ್ನೆಗೆ ಸುಣ್ಣ ಹತ್ತಿರುತ್ತಿತ್ತು. ಯಾರು ಅತ್ತಿದ್ದಾರೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಎಣ್ಣೆ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ. ಒಂದು ಬಿಲ್ಲೆಯಷ್ಟೂ ಉಳಿಯದಂತೆ ತಗಡಿನ ಪಟ್ಟಿಯಿಂದ ಕೆರೆಯಬೇಕು. ಮೇಸ್ತ್ರಿ ಬೈಯುತ್ತಲೇ ಕೆರೆದರು. ಉಪ್ಪನ್ನು ನೀರು ಹಾಕಿ ತೊಳೆಯಬಾರದು, ತೊಳೆದರೆ ಮತ್ತೆ ಒಳಗೇ ಇಂಗುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ ಹೊರಗೆ ಹಾಕಬೇಕು. ಆಮೇಲೆ ಕೆಲಸವೆಂದರೆ ಕಾಯುವುದು. ಮೇಸ್ತ್ರಿ ಬೇರೆ ಮನೆ ಹಿಡಿದರು, ನಾನು ಕಿಟಕಿ ಬಾಗಿಲು ತೆರೆದು ಬರಿ ಗೋಡೆಯನ್ನು ಬಿಸಿಲ ಗಾಳಿಗೆ ಬಿಟ್ಟೆ. ಬೆಳಗ್ಗೆ ಬ್ರಷ್ಷು ಆಡಿಸುತ್ತಿದ್ದೆ, ಸಂಜೆಗೆ ಮತ್ತೆ ಸಣ್ಣಗೆ ಉಪ್ಪು ಅರಳಿರುತ್ತಿತ್ತು. ದಿನ ಕಳೆದಂತೆ ಅರಳುವುದು ಕಡಿಮೆಯಾಯಿತು. ಮಗಳು ಶಾಲೆಗೆ ಹೋಗುವಾಗ ಅಂಟಿಸಿದ್ದ ವೇಳಾಪಟ್ಟಿಯ ನಾಲ್ಕು ಮೂಲೆಯ ಗೋಂದಿನ ಗುರುತು ಪೇಂಟಿನ ಕೆಳಗಿನಿಂದ ಎದ್ದು ಬಂದಿತ್ತು. ಅದನ್ನು ಫೋನಿನಲ್ಲಿ ಹೇಳಬೇಕೆಂದುಕೊಂಡೆ. ಅವಳು "ಊಟಕ್ಕ ಕರ್ಯಾಕತ್ತಾರ ಅವ್ವಾ, ಆಮ್ಯಾಲ ಮಾಡ್ತೀನಿ" ಅಂದಳು. ಆಮೇಲೆ ನಾನೂ ನೆನಪಿಸಲಿಲ್ಲ.

ಒಣಗಿತೋ ಇಲ್ಲವೋ ಎಂದು ಕೈ ಮುಟ್ಟಿ ಹೇಳಲಾಗದು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ತುಂಡೊಂದನ್ನು ಗೋಡೆಗೆ ಇಟ್ಟು, ಸುತ್ತ ಟೇಪು ಹಚ್ಚಿ, ಮರುದಿನ ಬಿಚ್ಚಿ ನೋಡುತ್ತಿದ್ದೆ. ಮೊದಲ ಸಲ ಒಳಬದಿಗೆ ಸಾಸಿವೆಯಷ್ಟು ಹನಿಗಳು ಕೂತಿದ್ದವು. ಮುಂದಿನ ಸಲ ಮಬ್ಬು ಮಾತ್ರ. ಕೊನೆಗೊಂದು ದಿನ ಪ್ಲಾಸ್ಟಿಕ್ ಪೂರ್ತಿ ಒಣಗಿ ಬಂತು. ಅದನ್ನು ಹಿಡಿದುಕೊಂಡು ಯಾರಿಗೆ ತೋರಿಸಲಿ ಎಂದು ಪಡಸಾಲೆಯವರೆಗೆ ಬಂದೆ. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು.

ಮೇಸ್ತ್ರಿ ಬಂದು, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಸುಣ್ಣ ಹಚ್ಚಿದರು. ಹಚ್ಚಿದಾಗ ಏನೂ ಕಾಣುವುದಿಲ್ಲ, ಒಣಗುತ್ತ ಬೆಳ್ಳಗಾಗುತ್ತದೆ. ಒಂದು ಕೈ ಒಣಗದೆ ಇನ್ನೊಂದು ಕೈ ಹಚ್ಚಬಾರದು. ಅವರ ಮಾತಿನಿಂದ ಮನೆ ತುಂಬಿತ್ತು. ಅವರು ಬಸ್ಸಿಗೆ ಹೋದ ಮೇಲೆ ಸುಣ್ಣದ ವಾಸನೆ ಉಳಿಯಿತು.

ಮರುದಿನ ಬೆಳಗ್ಗೆ ಬೀಗತಿ ಗೋಡೆ ನೋಡಲು ಬರುವವರಿದ್ದರು. ಅವರು ಬರುವ ಮುಂಚೆ, ಮಂಚ ಹಾಕಿದರೆ ಹೇಗೆ ಕಾಣುತ್ತದೆಂದು ಗೋಡೆಗೆ ಒರಗಿ ನಿಂತು ನೋಡಿ, ಆಮೇಲೆ ಬೆರಳು ಆಡಿಸಿದೆ. ಬೆರಳು ಬೆಳ್ಳಗಾಯಿತು. ಮೇಸ್ತ್ರಿಗೆ ಫೋನು ಮಾಡಿದೆ.

"ಸುಣ್ಣಕ್ಕ ಅಂಟು ಹಾಕೋದು ಮರತೇನ್ರೀ ಅಕ್ಕಾರ, ಅದಿಲ್ಲಂದ್ರ ಮುಟ್ಟಿದ್ರ ಹತ್ತತೈತಿ. ನಿಮ್ಮ ಕೂಡ ಮಾತಾಡ್ಕೋತ ಹಾಕೇನಿ ಅನಕೊಂಡೆ. ನಾಳೆ ಬಂದು ಇನ್ನೊಂದು ಕೈ ಹಚ್ತೀನಿ, ಯಾರಿಗೂ ಮುಟ್ಟಾಕ ಬಿಡಬ್ಯಾಡ್ರಿ ಅಷ್ಟ."

ಬಾಗಿಲಲ್ಲಿ ಆಗಲೇ ಆಟೋ ನಿಂತಿತ್ತು.

ಬೀಗತಿ ಗಾಢ ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಕೋಣೆಯ ನಡುವೆ ನಿಂತು ನಾಲ್ಕೂ ಕಡೆ ನೋಡಿದರು. "ಬೆಳ್ಳಗೇನೋ ಆಗೈತ್ರಿ. ಮತ್ತ ಕಾಲುವಿ ನೀರು ಬಿಟ್ಟ ಮ್ಯಾಲ ಹೆಂಗ?"

"ಹೊರಗಿನ ಮಣ್ಣು ತೆಗಿಸೀನ್ರಿ. ಕೆಳಗ ಒಂಚೂರು ಬೆವರಬಹುದು, ಅಲ್ಲೇ ಆರಿ ಹೋಗ್ತೈತಿ. ಮಂಚ ಈ ಗ್ವಾಡಿಗೆ ಹಚ್ಚಂಗಿಲ್ಲ, ಆ ಕಿಟಕಿ ಕಡೆ ಹಾಕ್ತೀನಿ."

ಅವರು ಕಿಟಕಿಯ ಕಡೆ ತಿರುಗಿ ನೋಡಿದರು. ನಾನು ಚಹಾ ತರಲು ಹೋದೆ. ಅವರು ಉಂಡು, ಎಲೆ ಅಡಿಕೆ ಹಾಕಿಕೊಂಡು, "ಮನ್ಯಾಗ ಕೇಳಿ ಹೇಳ್ತೀನ್ರಿ" ಎಂದು ಹೊರಟರು. ಬಸ್ ಸ್ಟ್ಯಾಂಡಿನವರೆಗೂ ಕಳಿಸಲು ಹೋದೆ. ಅವರು ಬಸ್ಸಿನ ಮೆಟ್ಟಿಲು ಹತ್ತುವಾಗ ನೋಡಿದೆ: ಹಸಿರು ಸೀರೆಯ ಬೆನ್ನಿಗೆ, ಭುಜದಿಂದ ಸೊಂಟದವರೆಗೆ, ಬಿಳಿ. ನಾನು ಚಹಾ ಮಾಡುವಾಗ ಗೋಡೆಗೆ ಒರಗಿದ್ದಾರೆ. "ಬೀಗತ್ಯಾರ!" ಎಂದು ಕೂಗುವಷ್ಟರಲ್ಲಿ ಬಸ್ಸು ತಿರುಗಿತು. ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಆ ಬಿಳಿ ಬೆನ್ನೇ ಕಣ್ಣ ಮುಂದಿತ್ತು. ಮಗಳು ಬರುವುದಿಲ್ಲ ಎಂದುಕೊಂಡೆ.

ಸಂಜೆ ದೀಪ ಹಚ್ಚಿದ ಮೇಲೆ ಬೀಗತಿಯದೇ ಫೋನು.

"ಏನ್ರೀ ಬೀಗತ್ಯಾರ, ನಿಮ್ಮ ಮನಿ ಗ್ವಾಡಿ ನಂಜೋಡಿ ಲಿಂಗಸೂರಿಗೆ ಬಂದೈತಿ! ಮಸ್ಕಿ ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಕಿ ಬೆನ್ನಿಗೆ ಬಡದು, 'ಯವ್ವಾ, ಯಾರ ಮನಿ ಗ್ವಾಡಿ ಹೊತ್ಕೊಂಡ ಹೊಂಟೀಬೇ' ಅಂದ್ಲು. ಬಸ್ಸಿಗೆ ಬಸ್ಸೇ ನಕ್ಕೈತಿ."

"ತಪ್ಪಾತ್ರೀ, ಅಂಟು ಹಾಕೋದು ಮರತು..."

"ಅಯ್ಯ ಕೇಳ್ರಿಲ್ಲೆ. ಸೀರಿ ಝಾಡಿಸಿದೆ, ಹಿಟ್ಟಿನಂಗ ಹಾರಿ ಹೋತು. ಒಂದು ಕಲಿ ಉಳೀಲಿಲ್ಲ. ಹಸಿ ಗ್ವಾಡಿ ಆಗಿದ್ರ ಕೆಸರಿನಂಗ ಮೆತ್ತತಿತ್ತಲ್ರಿ. ಒಣಗೈತಿ, ಖರೇನ ಒಣಗೈತಿ. ಕುಬಸ ಆದ ಮ್ಯಾಲ ಕರ್ಕೊಂಡ ಹೋಗ್ರಿ ನಿಮ್ಮ ಮಗಳನ್ನ."

ಹಿಂದಿನಿಂದ ಮಗಳು ನಗುವುದು ಕೇಳಿಸಿತು.

ಫೋನಿಟ್ಟು ಸೀರೆ ಬದಲಿಸಲು ಹೋದೆ. ಬಿಚ್ಚಿದ ಸೆರಗು ಕೈಗೆ ಬಂದಾಗ ನೋಡಿದೆ: ನನ್ನ ಬೆನ್ನಿಗೂ ಸುಣ್ಣ. ಬೆಳಗ್ಗೆ ಒರಗಿ ನಿಂತದ್ದು. ಬೀಗತಿಯ ಎದುರು ಬೆನ್ನು ತಿರುಗಿಸಬಾರದೆಂಬ ಮರ್ಯಾದೆಯಲ್ಲಿ ಅವರಿಗೆ ಕಂಡಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನಿಂದ ಬಜಾರು ದಾಟಿ, ಓಣಿ ದಾಟಿ ಬಂದಿದ್ದೇನೆ. ಯಾರೂ ಹೇಳಿಲ್ಲ. ಯಜಮಾನರು ಬಂದು, ನಾನು ನೀರು ಕೊಟ್ಟು ತಿರುಗಿ ಒಳಗೆ ಹೋದಾಗಲೂ ಹೇಳಿರಲಿಲ್ಲ. ಅವರು ಫೋನಿನಲ್ಲಿ ಯೂರಿಯಾ ಲಾರಿಯ ವಿಚಾರ ಮಾತಾಡುತ್ತಿದ್ದರು.

ಹಿತ್ತಲಿಗೆ ಹೋಗಿ, ಕನಕಾಂಬರ ಇದ್ದ ಜಾಗದಲ್ಲಿ ನಿಂತು ಸೀರೆ ಝಾಡಿಸಿದೆ. ಹಿಟ್ಟಿನಂತೆಯೇ ಹಾರಿತು. ಮುಂದಿನ ತಿಂಗಳು ಈ ಹೊತ್ತಿಗೆ, "ಅವ್ವಾ, ತಿರುಗಿಲ್ಲೆ, ಬೆನ್ನಿಗೆ ಏನೋ ಹತ್ತೈತಿ" ಎನ್ನುವವಳು ಮನೆಯಲ್ಲಿರುತ್ತಾಳೆ.